ಹಳೆಯ ಸ್ಪೋರ್ಟ್ಸ್ ಕಾರಿನ ತುಕ್ಕು: ಉಜ್ಜುವುದೋ, ನೆನೆಸುವುದೋ, ಬ್ಲಾಸ್ಟ್ ಮಾಡಿಸುವುದೋ?

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಬಿಚ್ಚಿಕೊಂಡು ಕೂತವರಿಗೆ ಎಂಜಿನ್ನಿಗಿಂತ ಮೊದಲು ಎದುರಾಗುವುದು ತುಕ್ಕು. ಗ್ರೈಂಡರಿಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಷ್) ಹಾಕಿ ಉಜ್ಜಿದರೆ ಸಾಕೇ, ಬ್ಲಾಸ್ಟಿಂಗಿಗೆ (ಗಾಳಿಯ ಒತ್ತಡದಲ್ಲಿ ಒರಟು ಕಾಳು ಎರಚಿ ತುಕ್ಕು ಕೀಳುವುದಕ್ಕೆ) ಕಳಿಸಬೇಕೇ, ಆಸಿಡ್ಡಿನಲ್ಲಿ ನೆನೆಸಬೇಕೇ, ಬ್ಯಾಟರಿ ಚಾರ್ಜರ್ ಇಟ್ಟು ಎಲೆಕ್ಟ್ರಾಲಿಸಿಸ್ (ದ್ರಾವಣದಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು) ಮಾಡಬೇಕೇ, ಇಲ್ಲ ಡಬ್ಬಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಬಳಿದುಬಿಡಬಹುದೇ? ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರ ಕಣ್ಣೆದುರು ಇರುವುದು ದಪ್ಪನೆಯ ಚಾಸಿ, ಇನ್ನೊಬ್ಬರ ಕಣ್ಣೆದುರು ಇರುವುದು ಒಂದು ಡಬ್ಬಿ ಬೋಲ್ಟು, ಅಷ್ಟೇ. ಇಡೀ ಕಾರಿಗೆ ಒಂದೇ ವಿಧಾನ ಹುಡುಕಲು ಹೊರಟರೆ ಎಲ್ಲೋ ಒಂದು ಕಡೆ ಒಳ್ಳೆಯ ಭಾಗವೊಂದು ಹಾಳಾಗುವುದು ಖಂಡಿತ. ಭಾಗ ನೋಡಿ ವಿಧಾನ ಆರಿಸಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು

ತಗಡಿನ ದಪ್ಪ ಎಷ್ಟು ಎನ್ನುವುದು ಎಲ್ಲಕ್ಕಿಂತ ಮುಖ್ಯ. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ, ಮಡ್‌ಗಾರ್ಡುಗಳ ತಗಡು ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರ್ ಮಾತ್ರ. ಚಾಸಿ, ಸಸ್ಪೆನ್ಷನ್ ತೋಳುಗಳು 2–3 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು. ಎರಡನೆಯದು ತಡೆದುಕೊಳ್ಳುವ ಪೆಟ್ಟನ್ನು ಮೊದಲನೆಯದು ತಡೆಯುವುದಿಲ್ಲ.

ಆಮೇಲೆ ಆಕಾರ. ಬಿಚ್ಚಿ ಕೈಯಲ್ಲಿ ಹಿಡಿಯಬಹುದಾದ ಬ್ರಾಕೆಟ್ಟಿನ ಎಲ್ಲ ಮೂಲೆಗೂ ದ್ರಾವಣ ತಲುಪುತ್ತದೆ, ತೊಳೆದರೆ ಹೊರಗೂ ಬರುತ್ತದೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಮಡಚಿದ ಬಾಗಿಲಿನ ಅಂಚಿನಲ್ಲಿ ಹಾಗಲ್ಲ. ಒಳಗೆ ಇಳಿದ ಆಸಿಡ್ ಅಲ್ಲೇ ಕೂತು, ಬಣ್ಣ ಹೊಡೆದ ತಿಂಗಳುಗಳ ಮೇಲೆ ಗುಳ್ಳೆಯಾಗಿ ಹೊರಬರುತ್ತದೆ.

ಮೂರನೆಯದು, ಅದು ಯಾವ ಲೋಹ. ಒಂದು ಆಯಸ್ಕಾಂತ ಜೇಬಿನಲ್ಲಿರಲಿ. 1962ರಲ್ಲಿ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಮೊದಲ ವರ್ಷಗಳ ಬಾನೆಟ್ ಅಲ್ಯೂಮಿನಿಯಂನದು. ಲೋಟಸ್ ಎಲಾನ್‌ನ ಚಾಸಿ ಉಕ್ಕು, ಮೇಲಿನ ಬಾಡಿ ಫೈಬರ್‌ಗ್ಲಾಸ್. 1976ರ ಮಾಡೆಲ್‌ನಿಂದ ಪೋರ್ಷೆ 911ರ ಬಾಡಿಗೆ ಸತುವಿನ ಲೇಪನ ಇದೆ. ಆಸಿಡ್ ಮೊದಲು ತಿನ್ನುವುದು ಆ ಸತುವನ್ನೇ. ಹಳೆಯ ರೇಸಿಂಗ್ ಚಕ್ರಗಳಲ್ಲಿ ಕೆಲವು ಮೆಗ್ನೀಸಿಯಂನವು. ಅವನ್ನು ಆಸಿಡ್ಡಿನ ಹತ್ತಿರವೂ ತರಬಾರದು.

ಕೊನೆಯದಾಗಿ, ತುಕ್ಕು ಹೋದ ಮೇಲೆ ಪ್ರೈಮರ್ ಹೊಡೆಯಲು ಎಷ್ಟು ಗಂಟೆಯಲ್ಲಿ ಸಾಧ್ಯ? ಬರಿಯ ಉಕ್ಕು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ವಾರಕ್ಕೆ ಒಂದು ದಿನ ಮಾತ್ರ ಗ್ಯಾರೇಜಿಗೆ ಹೋಗುವವರಿಗೂ ದಿನಾ ಸಂಜೆ ಕೆಲಸ ಮಾಡುವವರಿಗೂ ಉತ್ತರ ಬೇರೆಯಾಗುವುದು ಇಲ್ಲೇ.

ಇದೆಲ್ಲಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಹಳೆಯ ಸ್ಕ್ರೂಡ್ರೈವರಿನ ತುದಿ ಒತ್ತಿ. ಅದು ಒಳಗೆ ಹೋದರೆ, ಅಥವಾ ಗುಳಿಗಳು ತಗಡಿನ ಅರ್ಧ ದಪ್ಪಕ್ಕೂ ಇಳಿದಿದ್ದರೆ, ಅಲ್ಲಿ ತುಕ್ಕು ತೆಗೆಯುವ ಮಾತೇ ಇಲ್ಲ. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಎಂಜಿಬಿಯಂಥ ಮೊನೊಕಾಕ್ ಕಾರಿನಲ್ಲಿ, ಅಂದರೆ ಪ್ರತ್ಯೇಕ ಚಾಸಿ ಇಲ್ಲದೆ ಬಾಡಿಯೇ ಭಾರ ಹೊರುವ ಕಾರಿನಲ್ಲಿ, ಬಾಗಿಲಿನ ಕೆಳಗಿನ ಸಿಲ್ಲೇ ಬೆನ್ನೆಲುಬು. ಹೊರಗಿನ ಸಿಲ್, ಒಳಗಿನ ಸಿಲ್, ನಡುವಿನ ಪೊರೆ ಹೀಗೆ ಮೂರು ತಗಡು ಸೇರಿ ಕಾರನ್ನು ನೇರವಾಗಿ ಹಿಡಿದಿರುತ್ತವೆ. ಚಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಕಟ್ಟದೆ ಸಿಲ್ ಕತ್ತರಿಸಿದರೆ ನಡು ಕುಸಿದು, ಆಮೇಲೆ ಬಾಗಿಲೇ ಮುಚ್ಚುವುದಿಲ್ಲ.

ಉಜ್ಜುವ ದಾರಿ

115 ಮಿಲಿಮೀಟರ್ ಆಂಗಲ್ ಗ್ರೈಂಡರ್, ಅದಕ್ಕೊಂದು ವೈರ್ ಕಪ್. ಖರ್ಚು ಕಡಿಮೆ, ಇವತ್ತೇ ಶುರು ಮಾಡಬಹುದು, ಒದ್ದೆಯ ಗೊಡವೆ ಇಲ್ಲ. ಬಾಡಿಯಿಂದ ಬಿಚ್ಚಲಾಗದ ಭಾಗಗಳಿಗೆ ಬಹಳ ಸಲ ಇದೊಂದೇ ದಾರಿ.

ಆದರೆ ವೈರ್ ಕಪ್ ಕಣ್ಣಿಗೆ ಮೋಸ ಮಾಡುತ್ತದೆ. ಮೇಲಿನ ಸಡಿಲ ತುಕ್ಕು ಹೋಗುತ್ತದೆ, ಗುಳಿಯೊಳಗಿನದು ಹೋಗುವುದಿಲ್ಲ. ಪಾಲಿಶ್ ಆಗಿ ಕಂದು-ಕಪ್ಪಾಗಿ ಹೊಳೆಯುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರೆ ಬೆಳ್ಳಿಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಗಳೇ ಜೀವಂತ ತುಕ್ಕು. ಅದರ ಮೇಲೆ ಪ್ರೈಮರ್ ಹೊಡೆದರೆ ಒಂದೆರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಬಣ್ಣ ಉಬ್ಬುತ್ತದೆ. ಆದ್ದರಿಂದ ಉಜ್ಜಿದ ಮೇಲೆ ಆ ಚುಕ್ಕೆಗಳಿಗೆ ರಾಸಾಯನಿಕದ ಕೆಲಸ ಬಾಕಿ ಇದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಮರಳುಕಾಗದದ ಪಟ್ಟಿಗಳಿರುವ ಫ್ಲ್ಯಾಪ್ ಡಿಸ್ಕ್ ಇನ್ನೂ ಚುರುಕು, ಅಷ್ಟೇ ಅಪಾಯ. ಅದು ತುಕ್ಕಿನ ಜೊತೆ ಉಕ್ಕನ್ನೂ ತೆಗೆಯುತ್ತದೆ, ತೆಳು ತಗಡನ್ನು ಬಿಸಿ ಮಾಡಿ ಸೊಟ್ಟಗೆ ಮಾಡುತ್ತದೆ. ಬಾಡಿ ತಗಡಿಗೆ ಹೆಣೆಯದ ನಾರಿನ ಸ್ಟ್ರಿಪ್ ಡಿಸ್ಕ್ ಒಳ್ಳೆಯದು: ಬಣ್ಣ, ಹಳೆಯ ಪುಟ್ಟಿ, ಮೇಲ್ಮೈ ತುಕ್ಕನ್ನು ತೆಗೆದರೂ ಲೋಹವನ್ನು ಹೆಚ್ಚು ಮುಟ್ಟುವುದಿಲ್ಲ. ಒಂದೇ ಜಾಗದಲ್ಲಿ ನಿಲ್ಲಿಸದೆ ಸರಿಸುತ್ತಿರಿ. ತಗಡು ಅಂಗೈಗೆ ಸುಡುವಷ್ಟು ಬಿಸಿಯಾದರೆ ಬಿಟ್ಟು ಬೇರೆ ಕಡೆ ಹೋಗಿ.

ವೈರ್ ಕಪ್ಪಿನ ಮೇಲೆ ಬರೆದ ಗರಿಷ್ಠ ವೇಗ ಗ್ರೈಂಡರಿನ ವೇಗಕ್ಕಿಂತ ಕಡಿಮೆ ಇರಬಾರದು. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಕಿತ್ತ ತಂತಿ ಸೂಜಿಯಂತೆ ಬಂದು ಬಟ್ಟೆಗೆ ಚುಚ್ಚುತ್ತದೆ. ಕನ್ನಡಕವೊಂದೇ ಸಾಲದು, ಮುಖ ಮುಚ್ಚುವ ಶೀಲ್ಡ್ ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಬಟ್ಟೆಯ ಮಾಸ್ಕ್ ಬೇಡ, ಪಿ3 ದರ್ಜೆಯ ಫಿಲ್ಟರ್ ಇರುವ ರೆಸ್ಪಿರೇಟರ್ ಹಾಕಿ.

ಬ್ಲಾಸ್ಟಿಂಗ್

ಗುಳಿಯ ತಳದವರೆಗೆ ಹೋಗಿ ತುಕ್ಕು ತೆಗೆಯುವುದರಲ್ಲಿ, ಪ್ರೈಮರಿಗೆ ಹಿಡಿತ ಕೊಡುವ ಒರಟು ಮೇಲ್ಮೈ ಬಿಡುವುದರಲ್ಲಿ ಬ್ಲಾಸ್ಟಿಂಗಿಗೆ ಸಾಟಿ ಇಲ್ಲ. ಚಾಸಿ, ಸಸ್ಪೆನ್ಷನ್ ತೋಳು, ಆಕ್ಸಲ್ ಕೇಸ್, ಉಕ್ಕಿನ ಚಕ್ರಗಳಿಗೆ ಅನುಮಾನವಿಲ್ಲದೆ ಇದನ್ನೇ ಆರಿಸಿಕೊಳ್ಳಿ. ಟ್ರಯಂಫ್ ಸ್ಪಿಟ್‌ಫೈರ್, ಟಿಆರ್6 ಥರದ ಪ್ರತ್ಯೇಕ ಚಾಸಿಯ ಕಾರಿನವರು ಇಲ್ಲಿ ಅದೃಷ್ಟವಂತರು. ಬಾಡಿ ಎತ್ತಿಟ್ಟು ಬರಿಯ ಚಾಸಿಯನ್ನು ಕಳಿಸಿದರೆ ಒಂದೇ ದಿನದಲ್ಲಿ ಸ್ವಚ್ಛವಾಗಿ ಬರುತ್ತದೆ.

ಬಾಡಿ ತಗಡಿನ ವಿಷಯ ಬೇರೆ. ಬಾನೆಟ್ ಸೊಟ್ಟಗಾಗುವುದು ಬಿಸಿಯಿಂದ ಎಂದು ಹಲವರು ಅಂದುಕೊಂಡಿದ್ದಾರೆ. ಅಸಲಿಗೆ ಕಾಳುಗಳು ಬಡಿದ ಮುಖ ಲಕ್ಷಾಂತರ ಸಣ್ಣ ಸುತ್ತಿಗೆ ಏಟು ತಿಂದಂತೆ ಹಿಗ್ಗುತ್ತದೆ, ಹಿಂಬದಿ ಹಿಗ್ಗುವುದಿಲ್ಲ. ತಗಡು ಉಬ್ಬಿ ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಎಣ್ಣೆ ಡಬ್ಬಿಯ ತಳದಂತೆ ಟಪ್ ಎಂದು ಒಳಗೆ ಹೋಗಿ, ಬಿಟ್ಟರೆ ಟಪ್ ಎಂದು ಹೊರಗೆ ಬರುತ್ತದೆ. ಹೀಗೆ ಹಿಗ್ಗಿದ ಬಾನೆಟ್ಟನ್ನು ಮತ್ತೆ ಮಟ್ಟಕ್ಕೆ ತರುವುದು ನುರಿತ ಡೆಂಟಿಂಗ್ ಕೆಲಸಗಾರರಿಗೂ ಕಷ್ಟ. ಬಾಡಿಗೆ ಮಾಡಿಸಲೇಬೇಕಿದ್ದರೆ ನುಣ್ಣನೆಯ ಕಾಳು, 2–3 ಬಾರ್ ಒತ್ತಡ, ಓರೆ ಕೋನ, ಕನಿಷ್ಠ 30 ಸೆಂಟಿಮೀಟರ್ ದೂರ ಎಂದು ಮೊದಲೇ ಮಾತಾಡಿಕೊಳ್ಳಿ. ಅಗಲ ಬಯಲು ಬಿಟ್ಟು ಅಂಚು, ಮೂಲೆ, ಹಿಂಜ್ ಕೂರುವ ಜಾಗಗಳಿಗಷ್ಟೇ ಮಾಡಿಸಿದರೆ ಇನ್ನೂ ಮೇಲು.

ಮನೆಯಲ್ಲೇ ಬ್ಲಾಸ್ಟ್ ಮಾಡುವ ಆಸೆಗೆ ಅಡ್ಡ ಬರುವುದು ಕಂಪ್ರೆಸರ್. 3 ಮಿಲಿಮೀಟರ್ ನಾಜಲ್‌ಗೆ 5.5 ಬಾರ್‌ನಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 500 ಲೀಟರ್ ಗಾಳಿ ಬೇಕು. 2 ಅಶ್ವಶಕ್ತಿಯ ಸಾಮಾನ್ಯ ಕಂಪ್ರೆಸರ್ ಕೊಡುವುದು ಅದರ ಅರ್ಧಕ್ಕೂ ಕಡಿಮೆ. ಅರ್ಧ ನಿಮಿಷ ಹೊಡೆದು ಐದು ನಿಮಿಷ ಕಾಯುವ ಕೆಲಸವಾಗುತ್ತದೆ, ಕಂಪ್ರೆಸರ್ ಬೆಂದುಹೋಗುತ್ತದೆ. ಅಂಗೈಯಗಲದ ಭಾಗಗಳಿಗೆ ಮುಚ್ಚಿದ ಕ್ಯಾಬಿನೆಟ್ ಸರಿ, ಚಾಸಿಗೆ ಅಲ್ಲ. ನದಿ ಮರಳನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಬರುವ ಸಿಲಿಕೋಸಿಸ್ ವಾಸಿಯಾಗದ ಕಾಯಿಲೆ. ಪುಡಿ ಗಾಜು, ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್ ಕಾಳು ಆಗುತ್ತದೆ. ಸೋಡಾ ಬ್ಲಾಸ್ಟಿಂಗ್ ಬಣ್ಣವನ್ನು ಮೃದುವಾಗಿ ತೆಗೆಯುತ್ತದೆ, ತುಕ್ಕನ್ನು ತೆಗೆಯುವುದಿಲ್ಲ.

ಇನ್ನೊಂದು ತಾಪತ್ರಯ, ಕಾಳು ಎಲ್ಲೆಲ್ಲೂ ಹೊಕ್ಕುತ್ತದೆ. ಸಿಲ್ಲಿನ ಒಳಗೆ, ಥ್ರೆಡ್ಡಿನೊಳಗೆ, ನೀರು ಹೋಗುವ ರಂಧ್ರಗಳಲ್ಲಿ. ಬೇರಿಂಗ್ ಕೂರುವ ಜಾಗಕ್ಕೆ, ಥ್ರೆಡ್ಡುಗಳಿಗೆ ರಬ್ಬರ್ ಬಿರಡೆ ಹಾಕಿಯೇ ಕಳಿಸಿ.

ನೆನೆಸುವ ದಾರಿ

ಸಣ್ಣ ಭಾಗಗಳಿಗೆ ಇದು ಸುಲಭದ ದಾರಿ. ನೀವು ಮಲಗಿದ್ದಾಗಲೂ ಕೆಲಸ ನಡೆಯುತ್ತಿರುತ್ತದೆ. ಒಂದೇ ಷರತ್ತು, ಗ್ರೀಸ್ ಪೂರ್ತಿ ಹೋಗಿರಬೇಕು. ಎಣ್ಣೆ ಇದ್ದಲ್ಲಿ ಯಾವ ದ್ರಾವಣವೂ ತುಕ್ಕನ್ನು ಮುಟ್ಟುವುದಿಲ್ಲ.

ಅಗ್ಗದ್ದು ಸಿಟ್ರಿಕ್ ಆಸಿಡ್, ಅಡುಗೆಮನೆಯ ನಿಂಬೆ ಉಪ್ಪು. ಲೀಟರ್ ನೀರಿಗೆ 50ರಿಂದ 100 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಭಾಗವನ್ನು ಪೂರ್ತಿ ಮುಳುಗಿಸಿ. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿ ಲೋಹ ಕೊರೆದು ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ನೀರು ಉಗುರುಬೆಚ್ಚಗಿದ್ದರೆ ಕೆಲಸ ಬೇಗ. ಆರು ಗಂಟೆಗೊಮ್ಮೆ ತೆಗೆದು ಬ್ರಷ್ಷಿನಲ್ಲಿ ಉಜ್ಜಿ ನೋಡಿ. ಒಂದು ರಾತ್ರಿ ಸಾಕಾಗುತ್ತದೆ. ವಾರಗಟ್ಟಲೆ ಮರೆತರೆ ತುಕ್ಕು ಮುಗಿಸಿ ಉಕ್ಕನ್ನೂ ತಿನ್ನುತ್ತದೆ. ತೆಗೆದ ಕೂಡಲೇ ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಹಾಟ್ ಏರ್ ಗನ್ನಿನಲ್ಲಿ ಒಣಗಿಸಿ.

ಆಸಿಡ್ಡಿನ ಕಡಿತ ತಗ್ಗಬೇಕಿದ್ದರೆ 100 ಗ್ರಾಂ ಸಿಟ್ರಿಕ್ ಆಸಿಡ್ಡಿಗೆ 50 ಗ್ರಾಂನಷ್ಟು ವಾಷಿಂಗ್ ಸೋಡಾವನ್ನು ಚೂರು ಚೂರೇ ಸೇರಿಸಿ. ಜೋರಾಗಿ ನೊರೆ ಉಕ್ಕುತ್ತದೆ, ದೊಡ್ಡ ಬಕೆಟ್ ಇರಲಿ. ಆಗ ಅದು ಬಹುಪಾಲು ಸಿಟ್ರೇಟ್ ಆಗಿ, ಕಬ್ಬಿಣದ ಆಕ್ಸೈಡನ್ನು ಹಿಡಿದುಕೊಂಡು ಕರಗಿಸುತ್ತದೆ, ಒಳ್ಳೆಯ ಉಕ್ಕನ್ನು ಅಷ್ಟಾಗಿ ತಿನ್ನುವುದಿಲ್ಲ. ಡಬ್ಬಿಯಲ್ಲಿ ಸಿಗುವ, ಆಸಿಡ್ ಅಲ್ಲದ ಚೀಲೇಟಿಂಗ್ ದ್ರಾವಣಗಳ ತತ್ವವೂ ಇದೇ: ಹಿಡಿದು ಕರಗಿಸುವುದು. ಅವು ದುಬಾರಿ, ಆದರೆ ರಬ್ಬರನ್ನು ಮುಟ್ಟುವುದಿಲ್ಲ, ಹಲವು ಸಲ ಬಳಸಬಹುದು. ಗಡಿಯಾರದಂಥ ಸೂಕ್ಷ್ಮ ಭಾಗ, ಹ್ಯಾಂಡ್‌ಬ್ರೇಕಿನ ಹಲ್ಲುಪಟ್ಟಿ, ಬಾಗಿಲ ಬೀಗದ ಒಳಭಾಗಕ್ಕೆ ಆ ಹಣ ಸಾರ್ಥಕ.

ಕಾಕಂಬಿಯನ್ನೂ ಕೆಲವರು ನೆಚ್ಚುತ್ತಾರೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಒಂದರಿಂದ ಮೂರು ವಾರ. ಉಕ್ಕಿಗೆ ಬಹಳ ಮೃದು, ದೊಡ್ಡ ಡ್ರಮ್ ತುಂಬಿಸಲು ಅಗ್ಗ. ವಾಸನೆ ಮಾತ್ರ ಸಹಿಸಬೇಕು, ಮೇಲೆ ಬೂಸ್ಟು ಕಟ್ಟುತ್ತದೆ, ಅಲ್ಯೂಮಿನಿಯಂ ಹಾಕಿದರೆ ತಿಂದುಹಾಕುತ್ತದೆ. ಅವಸರವಿಲ್ಲದವರಿಗೆ, ಮನೆಯಿಂದ ದೂರ ಜಾಗ ಇರುವವರಿಗೆ ಸರಿ.

ಹೈಡ್ರೋಕ್ಲೋರಿಕ್ ಆಸಿಡ್ ಬೇಡವೇ ಬೇಡ. ನಿಮಿಷಗಳಲ್ಲಿ ತುಕ್ಕು ಹೋಗುವುದು ನಿಜ. ಆದರೆ ಉಳಿದ ಕ್ಲೋರೈಡ್ ಮರುದಿನವೇ ಹೊಸ ತುಕ್ಕು ಹಿಡಿಸುತ್ತದೆ, ಅದರ ಹೊಗೆ ಗ್ಯಾರೇಜಿನ ಒಳ್ಳೆಯ ಸ್ಪ್ಯಾನರುಗಳಿಗೂ ತುಕ್ಕು ಹತ್ತಿಸುತ್ತದೆ.

ಫಾಸ್ಫಾರಿಕ್ ಆಸಿಡ್ ನೆನೆಸಲು ಅಲ್ಲ, ಬಳಿಯಲು. ವೈರ್ ಕಪ್ ಬಿಟ್ಟ ಕಪ್ಪು ಚುಕ್ಕೆಗಳ ಮೇಲೆ ಬಳಿದು, ಒಣಗಲು ಬಿಡದೆ ಒದ್ದೆಯಾಗಿಯೇ ಇಟ್ಟು, ನಾರಿನ ಪ್ಯಾಡಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಇದು ಒಣಗಿ ಉಳಿದ ಜಾಗದ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದರೆ ಹಿಡಿತ ಸಿಗದೆ ಹಾಳೆಯಂತೆ ಎದ್ದು ಬರುತ್ತದೆ. ಒಣಗಿಬಿಟ್ಟಿದ್ದರೆ ಮತ್ತದೇ ಆಸಿಡ್ ಬಳಿದು ಕರಗಿಸಿ, ಆಮೇಲೆ ತೊಳೆದು, ಒಣಗಿಸಿ, 80 ನಂಬರ್ ಪೇಪರಿನಲ್ಲಿ ಉಜ್ಜಿ.

ಎಲೆಕ್ಟ್ರಾಲಿಸಿಸ್

ನಮ್ಮ ಅಭಿಪ್ರಾಯದಲ್ಲಿ ಮನೆಯ ಗ್ಯಾರೇಜಿಗೆ ಇದು ಅತ್ಯಂತ ಒಳ್ಳೆಯ ದಾರಿ. ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ಒಂದು ದಿನ ಹೆಚ್ಚಿಗೆ ಬಿಟ್ಟರೂ ನಷ್ಟವಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ 20 ಲೀಟರ್ ನೀರು, ಅದಕ್ಕೆ ಐದು ದೊಡ್ಡ ಚಮಚ ವಾಷಿಂಗ್ ಸೋಡಾ. ಚಾರ್ಜರಿನ ನೆಗೆಟಿವ್ ಕ್ಲಿಪ್ಪು ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಬಲಿ ಕೊಡುವ ಉಕ್ಕಿನ ತುಂಡಿಗೆ. ಅದಲು ಬದಲಾದರೆ ಕರಗುವುದು ನಿಮ್ಮ ಕಾರಿನ ಭಾಗ. ಸ್ವಿಚ್ ಹಾಕುವ ಮುನ್ನ ಎರಡು ಸಲ ನೋಡಿ.

ಬಲಿ ತುಂಡಾಗಿ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಅನಿಲ ಬರುತ್ತದೆ. ಹಳೆಯ ಸರಳು, ಕಬ್ಬಿಣದ ತಗಡು ಸಾಕು. ಭಾಗದ ಸುತ್ತ ನಾಲ್ಕೂ ಕಡೆ ಇಟ್ಟು ಒಂದಕ್ಕೊಂದು ತಂತಿ ಕಟ್ಟಿ, ಏಕೆಂದರೆ ಬಲಿ ತುಂಡಿಗೆ ಎದುರಾಗಿರುವ ಮುಖದ ತುಕ್ಕೇ ಹೆಚ್ಚು ಹೋಗುವುದು. ಕ್ಲಿಪ್ಪು ಹಿಡಿಯುವ ಜಾಗವನ್ನು ಹೊಳೆಯುವಂತೆ ಉಜ್ಜಿರಬೇಕು. ಈಗಿನ ಸ್ಮಾರ್ಟ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಹಳೆಯ ಮಾದರಿಯ 12 ವೋಲ್ಟ್ ಚಾರ್ಜರ್ ಅಥವಾ ಬೆಂಚ್ ಪವರ್ ಸಪ್ಲೈ ಬೇಕು.

ಸರಿಯಾಗಿ ನಡೆಯುತ್ತಿದ್ದರೆ ಭಾಗದ ಮೈತುಂಬ ಸಾಬೂದಾನಿಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದೆರಡು ಗಂಟೆಯಲ್ಲಿ ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ಮರುದಿನ ಎತ್ತಿದರೆ ಭಾಗ ಕಪ್ಪಗೆ, ಮಸಿ ಹಿಡಿದಂತೆ ಇರುತ್ತದೆ. ಕೆಟ್ಟಿತೆಂದು ಗಾಬರಿ ಬೀಳಬೇಡಿ. ಹೆಬ್ಬೆರಳು ಒತ್ತಿ ಎಳೆದರೆ ಆ ಮಸಿ ಜಾರಿ, ಕೆಳಗೆ ಬೂದು ಬಣ್ಣದ ಉಕ್ಕು ಕಾಣುತ್ತದೆ. ನಾರಿನ ಪ್ಯಾಡಿನಲ್ಲಿ ಉಜ್ಜಿ ತೊಳೆದರೆ ಮುಗಿಯಿತು. ಎಷ್ಟೋ ಸಲ ಅಡಗಿಹೋಗಿದ್ದ ಪಾರ್ಟ್ ನಂಬರ್ ಕೂಡ ಆಗ ಸ್ಪಷ್ಟವಾಗಿ ಕಾಣುತ್ತದೆ.

ಆ ಗುಳ್ಳೆಗಳು ಹೈಡ್ರೋಜನ್. ಮುಚ್ಚಿದ ಕೋಣೆಯಲ್ಲಿ ಬೇಡ, ಹತ್ತಿರ ಕಿಡಿ ಬೇಡ, ಕ್ಲಿಪ್ಪು ತೆಗೆಯುವ ಮೊದಲು ಚಾರ್ಜರನ್ನು ಗೋಡೆಯಲ್ಲೇ ಆಫ್ ಮಾಡಿ. ಇದೇ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಹೊಕ್ಕು, ಭಾರ ಬಿದ್ದಾಗ ಅದು ತಟ್ಟನೆ ಮುರಿಯುವಂತೆ ಮಾಡುತ್ತದೆ. ಆದ್ದರಿಂದ ಸ್ಪ್ರಿಂಗು, 10.9 ದರ್ಜೆಯ ಮತ್ತು ಅದಕ್ಕೂ ಮೇಲಿನ ಬೋಲ್ಟು, ಸ್ಟಿಯರಿಂಗಿನ ಗಡಸು ಭಾಗಗಳನ್ನು ಎಲೆಕ್ಟ್ರಾಲಿಸಿಸ್‌ಗೂ ಹಾಕಬೇಡಿ, ಆಸಿಡ್ಡಿಗೂ ಹಾಕಬೇಡಿ. ಅವಕ್ಕೆ ವೈರ್ ಬ್ರಷ್, ಆಸಿಡ್ ಇಲ್ಲದ ಚೀಲೇಟಿಂಗ್ ದ್ರಾವಣ. ಬೋಲ್ಟಾದರೆ ಹೊಸದೇ ಹಾಕಿ. ಅಲ್ಯೂಮಿನಿಯಂ ಭಾಗಕ್ಕೂ ಸೋಡಾ ನೀರು ಆಗದು.

ರಸ್ಟ್ ಕನ್ವರ್ಟರ್ ಎಲ್ಲಿ ಸರಿ?

ಟ್ಯಾನಿಕ್ ಆಸಿಡ್ಡಿನ ಕನ್ವರ್ಟರ್ ತುಕ್ಕನ್ನು ಕಪ್ಪು ಐರನ್ ಟ್ಯಾನೇಟ್ ಆಗಿ ಬದಲಿಸುತ್ತದೆ. ಅದು ತಲುಪುವುದು ಮೇಲಿನ ಪದರಕ್ಕೆ ಮಾತ್ರ. ದಪ್ಪ ಪದರದ ತುಕ್ಕಿನ ಮೇಲೆ ಬಳಿದರೆ ಕೆಳಗೆ ತುಕ್ಕು ಮುಂದುವರಿಯುತ್ತದೆ. ಕಣ್ಣಿಗೆ ಕಾಣುವ, ಕೈಗೆ ಎಟಕುವ ಯಾವ ಭಾಗಕ್ಕೂ ಇದನ್ನು ಆರಿಸಬೇಡಿ. ಕಾರನ್ನು ಪೂರ್ತಿ ಬಿಚ್ಚದೆ ಓಡಿಸುತ್ತಲೇ ಸರಿಮಾಡುತ್ತಿರುವವರು ಪೆಟ್ಟಿಗೆಯಂತೆ ಮುಚ್ಚಿದ ಬಾಕ್ಸ್ ಸೆಕ್ಷನ್ನಿನ ಒಳಗೆ, ಸಡಿಲ ಪುಡಿ ಊದಿ ತೆಗೆದ ಮೇಲೆ, ಸಿಂಪಡಿಸಬಹುದು.

ಯಾವ ಭಾಗಕ್ಕೆ ಯಾವುದು

ಬ್ಯಾಟರಿ ಚಾರ್ಜರ್ ಮೊದಲೇ ಇದ್ದು ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಕಾದವರು ಬ್ರಾಕೆಟ್, ಹಿಂಜ್, ಬ್ರೇಕ್ ಬ್ಯಾಕ್‌ಪ್ಲೇಟ್, ಪೆಡಲ್ ಬಾಕ್ಸುಗಳನ್ನು ಎಲೆಕ್ಟ್ರಾಲಿಸಿಸ್‌ಗೆ, ಸಾಮಾನ್ಯ ಬೋಲ್ಟು-ನಟ್ಟುಗಳನ್ನು ಸಿಟ್ರಿಕ್ ಆಸಿಡ್ಡಿಗೆ, ಬಾಡಿ ತಗಡನ್ನು ಸ್ಟ್ರಿಪ್ ಡಿಸ್ಕ್ ಮತ್ತು ಚುಕ್ಕೆಗಳಿಗೆ ಫಾಸ್ಫಾರಿಕ್‌ಗೆ ಹಂಚಿಕೊಂಡರೆ ಬಹುಪಾಲು ಕಾರು ಮುಗಿಯುತ್ತದೆ. ಆಸಿಡ್ ಬೋಲ್ಟುಗಳ ಸತು ಲೇಪನವನ್ನೂ ಕರಗಿಸುತ್ತದೆ. ಮತ್ತೆ ಪ್ಲೇಟಿಂಗ್ ಮಾಡಿಸುವ ಲೆಕ್ಕ ಜೊತೆಗಿರಲಿ. ಸ್ವಲ್ಪ ಹಣ ಹಾಕಬಲ್ಲವರು ಅದನ್ನು ಮೊದಲು ಚಾಸಿ ಮತ್ತು ಸಸ್ಪೆನ್ಷನ್ನಿನ ಬ್ಲಾಸ್ಟಿಂಗಿಗೆ ಹಾಕಲಿ. ಮನೆಯಲ್ಲಿ ಅದೇ ಕೆಲಸಕ್ಕೆ ತಗಲುವ ವಾರಗಳು ಉಳಿಯುತ್ತವೆ. ಇಡೀ ಬಾಡಿಯನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿಸುವುದು ದೊಡ್ಡ ಖರ್ಚು. ಅದ್ದಿದ ಮೇಲೆ ಸಂದುಗಳನ್ನು ತೊಳೆದು ನ್ಯೂಟ್ರಲೈಸ್ ಮಾಡಿ ಅಲ್ಲೇ ಇ-ಕೋಟ್ (ವಿದ್ಯುತ್ ಹರಿಸಿ ಕೂರಿಸುವ ಪ್ರೈಮರ್) ಕೊಡುವ ಕಡೆ ಮಾತ್ರ ಯೋಚಿಸಿ.

ಬ್ರೇಕ್ ಸಿಲಿಂಡರಿನ ಒಳಗೋಡೆಯಲ್ಲಿ ಗುಳಿ ಬಿದ್ದಿದ್ದರೆ ಯಾವ ವಿಧಾನವೂ ಇಲ್ಲ. ಸ್ಲೀವ್ (ಹೊಸ ಒಳಕೊಳವೆ) ಹಾಕಿಸಿ, ಇಲ್ಲ ಹೊಸದು ತನ್ನಿ.

ಪೆಟ್ರೋಲ್ ಟ್ಯಾಂಕಿಗೆ ಸಿಟ್ರಿಕ್ ಆಸಿಡ್ಡೇ ಸರಿ. ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್ ಯುನಿಟ್ ತೆಗೆದು, ಬಿಸಿನೀರು-ಡಿಟರ್ಜೆಂಟಿನಲ್ಲಿ ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಒಂದು ಹಿಡಿ ನಟ್ಟು ಹಾಕಿ ಕುಲುಕಿ ಸಡಿಲ ತುಕ್ಕು ಹೊರಹಾಕಿ, ಆಮೇಲೆ ಬಾಯಿಮಟ್ಟ ದ್ರಾವಣ ತುಂಬಿ. ಟ್ಯಾಂಕಿನೊಳಗೆ ಎಲೆಕ್ಟ್ರಾಲಿಸಿಸ್ ಮಾಡಿದರೆ ಹೈಡ್ರೋಜನ್ ಒಳಗೇ ಸೇರಿಕೊಳ್ಳುತ್ತದೆ, ಆ ಸಾಹಸ ಬೇಡ. ಸ್ವಚ್ಛವಾದ ಮೇಲೆ ಸಣ್ಣ ಸೂಜಿರಂಧ್ರಗಳು ಕಂಡರೆ ಆಸಿಡ್ ಕೊರೆದದ್ದಲ್ಲ; ಅಷ್ಟು ದಿನ ತುಕ್ಕೇ ಅವಕ್ಕೆ ಬಿರಡೆಯಾಗಿತ್ತು.

ಪ್ರೈಮರ್ ಹೊಡೆಯುವ ದಿನ

ಒಂದು ದಿನಕ್ಕೆ ಎಷ್ಟು ಭಾಗಕ್ಕೆ ಪ್ರೈಮರ್ ಹೊಡೆಯಬಲ್ಲಿರೋ ಅಷ್ಟನ್ನೇ ತುಕ್ಕಿನಿಂದ ಬಿಡಿಸಿ. ಉಳಿದವು ತುಕ್ಕಿನಲ್ಲೇ ಕಾಯಲಿ, ಒಂದು ವಾರದಲ್ಲಿ ಅವಕ್ಕೇನೂ ಆಗದು. ಸ್ವಚ್ಛ ಉಕ್ಕನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ, ಗ್ಲೌಸ್ ಇರಲಿ. ತಗಡಿನ ತಾಪಮಾನ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಮಾನಕ್ಕಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿದ್ದಾಗ ಎರಡು ಪದರ ಎಪಾಕ್ಸಿ ಪ್ರೈಮರ್. ಪುಟ್ಟಿ ಅದರ ಮೇಲೆ. ವೆಲ್ಡ್ ಆಗಬೇಕಾದ ಅಂಚುಗಳಿಗೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಮಾತ್ರ. ಬಣ್ಣದ ಕೆಲಸ ಮುಗಿದ ಮೇಲೆ ಸಿಲ್, ಬಾಗಿಲಿನ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ವ್ಯಾಕ್ಸ್ ಗಟ್ಟಿಯಾಗುವ ಮೊದಲು ಒಂದು ತಂತಿ ಹಿಡಿದು ಕೆಳಗಿನ ನೀರಿನ ರಂಧ್ರಗಳನ್ನೆಲ್ಲ ಒಂದೊಂದಾಗಿ ಚುಚ್ಚಿ ಬಿಡಿಸಿ.